ಇನ್ನೊಬ್ಬರಿಗೂ ಜಾಗವಿರುವ ಅಡುಗೆಮನೆ

ಹೊಸ ಫ್ಲ್ಯಾಟಿನ ಅಡುಗೆಮನೆ ತೋರಿಸುವವರು ಮೊದಲು ತೆರೆದು ತೋರಿಸುವುದು ಕಪಾಟುಗಳನ್ನು. ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರು, ಮೂಲೆಯೊಳಗಿಂದ ತಿರುಗಿ ಹೊರಬರುವ ತಟ್ಟೆ, ಸೂರು ಮುಟ್ಟುವ ಲಾಫ್ಟು. ಜಾಗ ಚಿಕ್ಕದು, ಆದ್ದರಿಂದ ಒಂದಂಗುಲವನ್ನೂ ಬಿಡದೆ ಸಾಮಾನು ಹಿಡಿಸಬೇಕು ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕ ಶುರುವಾಗುವ ಜಾಗವೇ ಸರಿಯಿಲ್ಲ ಎಂದು ನನಗನ್ನಿಸುತ್ತದೆ. ಒಬ್ಬರು ಒಲೆಯ ಮುಂದೆ ನಿಂತಿರುವಾಗ ಇನ್ನೊಬ್ಬರು ಒಳಗೆ ಬಂದು ಕೆಲಸಕ್ಕೆ ಕೈಹಾಕಲು ಸಾಧ್ಯವೇ? ಚಿಕ್ಕ ಅಡುಗೆಮನೆಯ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಡಬ್ಬಿಗಳ ವಿಚಾರ ಆಮೇಲೆ.

ಇವತ್ತಿನ ಮಾಡ್ಯುಲರ್ ಕಿಚನ್ನಿನ ವಂಶಾವಳಿ ಹುಡುಕುತ್ತಾ ಹೋದರೆ 1926ರ ಜರ್ಮನಿ ಸಿಗುತ್ತದೆ. ಮೊದಲ ಮಹಾಯುದ್ಧದ ನಂತರ ಫ್ರಾಂಕ್‌ಫರ್ಟಿನಲ್ಲಿ ಮನೆಗಳಿಗೆ ವಿಪರೀತ ಅಭಾವ. ಅರ್ನ್ಸ್ಟ್ ಮೇ ಅವರ ಮುಂದಾಳತ್ವದಲ್ಲಿ ನಗರಾಡಳಿತ ಸಾಲುಸಾಲು ಮನೆ ಕಟ್ಟಿಸುತ್ತಿತ್ತು. ಅವುಗಳಿಗೆ ಅಡುಗೆಕೋಣೆ ರೂಪಿಸಿದವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಬೋಗಿಯ ಅಡುಗೆಕೋಣೆ ಅವರ ಮುಂದಿದ್ದ ಮಾದರಿ. ಕಾರ್ಖಾನೆಯಲ್ಲಿ ಕೆಲಸಗಾರನ ಚಲನೆಯನ್ನು ಅಳೆಯುವ ಪದ್ಧತಿಯನ್ನು ಮನೆಗೆಲಸಕ್ಕೆ ತಂದಿದ್ದ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಬರಹಗಳು ಇನ್ನೊಂದು ಪ್ರೇರಣೆ. ಅಕ್ಕಿ, ಸಕ್ಕರೆಗೆ ಹೆಸರು ಬರೆದ ಅಲ್ಯುಮಿನಿಯಂ ಖಾನೆಗಳು, ಹುಳು ಹಿಡಿಯದಂತೆ ಹಿಟ್ಟಿಗೆ ಓಕ್ ಮರದ ಡಬ್ಬಿ, ನೊಣ ಕೂರದೆಂಬ ನಂಬಿಕೆಯಿಂದ ಬಳಿದ ನೀಲಿ-ಹಸಿರು ಬಣ್ಣ, ಕಿಟಕಿಯಡಿ ಕೂತು ಹೆಚ್ಚಲು ತಿರುಗುವ ಸ್ಟೂಲು. ಇಂಥವು ಸುಮಾರು ಹತ್ತು ಸಾವಿರ ಮನೆಗಳಿಗೆ ಬಂದವು. ಅದಕ್ಕೆ ಮೊದಲು ತಾವು ಅಡುಗೆ ಮಾಡಿದವರೇ ಅಲ್ಲ ಎಂದು ಆ ತಾಯಿ ಮುಂದೆ ಹೇಳಿಕೊಂಡಿದ್ದರು. ಅದೇನೂ ದೊಡ್ಡ ದೋಷವಲ್ಲ. ಹೆಂಗಸರ ಶ್ರಮ ಉಳಿಸಬೇಕೆಂಬ ಅವರ ಕಳಕಳಿ ನಿಜವಾದದ್ದೇ.

ಆದರೆ ಆ ಕೋಣೆ ಉಳಿಸಿದ್ದು ಒಬ್ಬಳ ಹೆಜ್ಜೆಗಳನ್ನು. ಎರಡನೆಯವರಿಗೆ ಅಲ್ಲಿ ನಿಲ್ಲಲು ಎಡೆಯಿರಲಿಲ್ಲ. ಮಗಳು ಬಂದು ಬಟಾಟೆ ಸುಲಿಯುವಂತಿಲ್ಲ, ಗಂಡ ಪಾತ್ರೆ ಒರೆಸುವಂತಿಲ್ಲ. ಬಳಲಿಕೆ ಕಡಿಮೆಯಾಯಿತೇನೋ, ಕೆಲಸ ಮಾತ್ರ ಪೂರ್ತಿಯಾಗಿ ಒಬ್ಬಳದೇ ಆಯಿತು. ಸ್ತ್ರೀವಾದಿಗಳು ನಂತರ ಎತ್ತಿದ ಆಕ್ಷೇಪವೂ ಇದೇ.

ನಮ್ಮಲ್ಲಿಗೆ ಬರೋಣ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಡುಗೆಮನೆಗೆ ಹೇಳುವ ಕನಿಷ್ಠ ವಿಸ್ತೀರ್ಣ 5 ಚದರ ಮೀಟರ್, ಕನಿಷ್ಠ ಅಗಲ 1.8 ಮೀಟರ್. ಫ್ರಾಂಕ್‌ಫರ್ಟಿನ ಅಗಲಕ್ಕಿಂತ ನಾಲ್ಕು ಬೆರಳು ಕಡಿಮೆ. ಆರಡಿ ಅಗಲದಲ್ಲಿ ಎರಡೂ ಕಡೆ ಎರಡೆರಡು ಅಡಿಯ ಕಟ್ಟೆ ಕಟ್ಟಿದರೆ ನಡುವೆ ಉಳಿಯುವುದು ಎರಡೇ ಅಡಿ. ಒಬ್ಬರು ಕೆಳಗಿನ ಡ್ರಾಯರು ಎಳೆದರೆ ಇನ್ನೊಬ್ಬರು ಹಾಲ್‌ನಲ್ಲಿ ಕಾಯಬೇಕು. ಬದಲಿಗೆ ಒಂದು ಗೋಡೆಗೆ ಮಾತ್ರ ಎರಡಡಿಯ ಕಟ್ಟೆ, ಎದುರಿನ ಗೋಡೆಗೆ ಒಂದೇ ಅಡಿಯದು ಎಂದಿಟ್ಟುಕೊಳ್ಳಿ. ಓಡಾಡಲು ಮೂರಡಿ ಸಿಗುತ್ತದೆ. ಬೆನ್ನಿಗೆ ಬೆನ್ನು ಮಾಡಿ ಇಬ್ಬರು ನಿಲ್ಲಬಹುದು. ಆ ಒಂದಡಿಯ ಕಟ್ಟೆಯ ಮೇಲೆ ಮಿಕ್ಸಿ ಕೂರುತ್ತದೆ, ಸೊಪ್ಪು ಸೋಸಬಹುದು, ಚಪಾತಿ ಲಟ್ಟಿಸಬಹುದು. ಅದರ ಕೆಳಗೆ ಡಬ್ಬಿಗಳು ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಯಾವುದರಲ್ಲಿ ಏನಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಎರಡಡಿ ಆಳದ ಕಪಾಟಿನ ಹಿಂದಿನ ಸಾಲು, ಅನುಭವಸ್ಥರನ್ನು ಕೇಳಿ, ಹುಳು ಹಿಡಿದ ಹೆಸರುಬೇಳೆಯ ಕಾಯಂ ವಿಳಾಸ.

ಇಬ್ಬರೂ ಒಟ್ಟಿಗೆ ಬೇಡುವ ಜಾಗ ಸಿಂಕು. ನಮ್ಮ ಅಡುಗೆ ನೀರಿನ ಅಡುಗೆ: ಅಕ್ಕಿ ತೊಳೆ, ಸೊಪ್ಪು ತೊಳೆ, ಉದ್ದು ನೆನೆಸು, ಬಸಿ, ಮತ್ತೆ ಪಾತ್ರೆ ತೊಳೆ. ಒಲೆ, ಸಿಂಕು, ಫ್ರಿಜ್ಜು ಮೂರರ ನಡುವಿನ ತ್ರಿಕೋನ ಸರಿಯಿದ್ದರೆ ಅಡುಗೆಮನೆ ಸರಿ ಎನ್ನುವ ಸೂತ್ರ 1940ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ನಮ್ಮ ವಿನ್ಯಾಸಕಾರರೂ ಅದನ್ನು ಮಂತ್ರದಂತೆ ಹೇಳುತ್ತಾರೆ. ಸೋರುವ ಕುಕ್ಕರು, ಎಣ್ಣೆಜಿಡ್ಡಿನ ಬಾಣಲೆ, ಇಡ್ಲಿತಟ್ಟೆಗಳ ರಾಶಿ ಆ ತ್ರಿಕೋನದೊಳಗೆ ಇಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇರುವ ಯುಟಿಲಿಟಿ ಎಂಬ ಆ ಪುಟ್ಟ ಜಾಗ ಹಿತ್ತಲಿನ ಬಚ್ಚಲಕಟ್ಟೆಯ ಕೊನೆಯ ಕುರುಹು. ಪಾತ್ರೆ ತೊಳೆಯುವ ಸಿಂಕು ಅಲ್ಲಿಗೆ ಹೋಗಲಿ, ಒಳಗೆ ತರಕಾರಿ ತೊಳೆಯುವಷ್ಟು ಚಿಕ್ಕದೊಂದು ಸಾಕು. ಎಷ್ಟೋ ಮನೆಗಳಲ್ಲಿ ಯುಟಿಲಿಟಿಗೂ ಗಾಜು ಹಾಕಿ ಕಪಾಟು ಮಾಡಿಬಿಡುತ್ತಾರೆ. ಹಾಗಾದ ಮೇಲೆ ಒಳಗಿನ ಒಂದೇ ಸಿಂಕಿನ ಮುಂದೆ ಇಬ್ಬರೂ ಸರದಿ ಕಾಯಬೇಕು.

ಗ್ಯಾಸ್ ಸಿಲಿಂಡರೂ ಯುಟಿಲಿಟಿಗೇ ಸೇರಬೇಕಾದದ್ದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಚೆಂದ ಕಾಣಲೆಂದು ಅದನ್ನು ಬಾಗಿಲು ಹಾಕಿದ ಕಪಾಟಿನಲ್ಲಿಟ್ಟು ಕೆಳಗೆ ಒಂದು ತೂತನ್ನೂ ಬಿಡದವರಿದ್ದಾರೆ. ಕೊಳವೆಯಲ್ಲಿ ಬರುವ ಗ್ಯಾಸು ಹಗುರ, ಅದಕ್ಕೆ ಮೇಲೆ ದಾರಿ ಬೇಕು.

ಕಟ್ಟೆಯ ಎತ್ತರದ ವಿಷಯದಲ್ಲಂತೂ ನಮ್ಮ ಅಸಡ್ಡೆಗೆ ಮಿತಿಯಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಗ್ರಾನೈಟ್ ಹಾಸು, ಒಂದೇ ಮಟ್ಟ. ಒಲೆ ಕಟ್ಟೆಯ ಮೇಲೆ ಕೂರುತ್ತದೆ, ಅದರ ಮೇಲೆ ಪಾತ್ರೆ; ಐದಡಿ ಎತ್ತರದವರು ಸಾಂಬಾರು ಕದಡುವಾಗ ಭುಜ ಎತ್ತಬೇಕು. ಸಿಂಕಿನದು ತದ್ವಿರುದ್ಧ: ಅದರ ತಳ ಕಟ್ಟೆಗಿಂತ ಏಳೆಂಟು ಅಂಗುಲ ಕೆಳಗೆ, ಅಲ್ಲಿ ಬೆನ್ನು ಬಗ್ಗಬೇಕು. ಹಾಗಾದರೆ ಒಲೆಯ ಕಟ್ಟೆ ತಗ್ಗಾಗಿ, ಸಿಂಕಿನದು ಎತ್ತರವಾಗಿ ಇರಬೇಕು. ಹಾಸು ಎರಡು ತುಂಡಾಗುತ್ತದೆ, ಸಂದಿನಲ್ಲಿ ಕೊಳೆ ಕೂರುತ್ತದೆ ಎಂದು ಮೇಸ್ತ್ರಿ ಗೊಣಗುತ್ತಾರೆ, ಗೊಣಗಲಿ. ಎರಡು ಮಟ್ಟಗಳಿದ್ದರೆ ಮನೆಯ ಗಿಡ್ಡವರಿಗೂ ಉದ್ದದವರಿಗೂ ಒಂದೊಂದು ಜಾಗ ಒದಗುತ್ತದೆ.

ಓಪನ್ ಕಿಚನ್ ಮಾಡಿದರೆ ತೊಂದರೆಯೆಲ್ಲ ನೀಗುತ್ತದಲ್ಲ ಎನ್ನುವವರಿಗೆ ಒಂದೇ ಮಾತು: ಒಣಮೆಣಸಿನಕಾಯಿ ಒಗ್ಗರಣೆ. ಸೋಫಾದ ಮೇಲೆ ಕೂತವರು ಕೆಮ್ಮುತ್ತಾ ಎದ್ದುಹೋಗುತ್ತಾರೆ. ಗೋಡೆ ಪೂರ್ತಿ ಕೆಡವುವ ಬದಲು ಅದರಲ್ಲೊಂದು ದೊಡ್ಡ ಕಿಂಡಿ ತೆರೆದು ಜಾರುವ ಗಾಜು ಹಾಕಿದರೆ ಮಾತೂ ಪಾತ್ರೆಯೂ ಆಚೀಚೆ ಸಾಗುತ್ತವೆ, ಘಾಟು ಬೇಕಾದಾಗ ತಡೆಯಬಹುದು.

ಸರಿ, ಕಪಾಟು ಕಡಿಮೆಯಾದರೆ ಸಾಮಾನು ಎಲ್ಲಿಡುವುದು? ವರ್ಷಕ್ಕೊಂದು ಬಾರಿ ಸುಗ್ಗಿಯಲ್ಲಿ ಧಾನ್ಯ ತುಂಬಿಸಿಕೊಳ್ಳುತ್ತಿದ್ದ ಮನೆಗೆ ಉಗ್ರಾಣ ಬೇಕಿತ್ತು. ಕೆಳಗಿಳಿದರೆ ಅಂಗಡಿ ಇರುವವರಿಗೆ ಹದಿನೈದು ದಿನದ ಬೇಳೆಕಾಳು ಸಾಕು. ಹಬ್ಬದ ಹಂಡೆ, ದೊಡ್ಡ ಪಾತ್ರೆ ಮಲಗುವ ಕೋಣೆಯ ಲಾಫ್ಟಿನಲ್ಲಿದ್ದರೆ ನಷ್ಟವೇನಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಜಾಗ ಮಾಡಿಕೊಟ್ಟರೂ ಆ ಇನ್ನೊಬ್ಬರು ಬರುವುದಿಲ್ಲ. ತೊಟ್ಟಿಮನೆಗಳ ವಿಶಾಲ ಅಡುಗೆಮನೆಗಳಲ್ಲಿ ಗಂಡಸರು ಕೆಲಸ ಮಾಡುತ್ತಿದ್ದರೇ? ಇಲ್ಲ. ಅಲ್ಲಿ ಅತ್ತೆ, ಸೊಸೆ, ನಾದಿನಿಯರ ನಡುವೆ ಕೆಲಸ ಹಂಚಿಹೋಗುತ್ತಿತ್ತು. ಕಟ್ಟೆಯ ಅಳತೆ ಬದಲಿಸಿದ ಮಾತ್ರಕ್ಕೆ ಯಾರ ಸ್ವಭಾವವೂ ಬದಲಾಗದು, ಒಪ್ಪುತ್ತೇನೆ. ಆದರೆ ಇವತ್ತಿನ ಫ್ಲ್ಯಾಟಿನಲ್ಲಿ ಇರುವವರು ಗಂಡ-ಹೆಂಡತಿ, ಇಬ್ಬರೂ ದುಡಿಯುವವರು. "ನಾನು ಬಂದರೆ ನಿನಗೇ ಅಡ್ಡ" ಎಂಬ ಮಾತು ಆರಡಿ ಅಗಲದ ಈ ಕೋಣೆಗಳಲ್ಲಿ ಅಕ್ಷರಶಃ ಸತ್ಯ. ಸತ್ಯವಾದ್ದರಿಂದಲೇ ಅದು ಎದುರಾಡಲಾಗದ ನೆಪ. ಮೂರಡಿ ಓಡಾಟದ ಜಾಗ ಆ ನೆಪವೊಂದನ್ನು ಕಿತ್ತುಕೊಳ್ಳುತ್ತದೆ, ಉಳಿದವುಗಳೊಡನೆ ಮನೆಯವರೇ ಗುದ್ದಾಡಬೇಕು.

ಬಾಡಿಗೆ ಮನೆಯವರಿಗೆ ಇಷ್ಟೂ ಸ್ವಾತಂತ್ರ್ಯವಿಲ್ಲ. ಅವರು ಅಡುಗೆಮನೆಯ ಬಾಗಿಲನ್ನು ಕೀಲಿನಿಂದ ಬಿಚ್ಚಿಡಬಹುದು. ಹೊರಗಿನ ಗೋಡೆಗೆ ಒಂದೂವರೆ ಅಡಿಯ ಮಡಚುವ ಹಲಗೆ ಕೂರಿಸಿ, ಹೆಚ್ಚುವ ಕೆಲಸವನ್ನು ಅಲ್ಲಿಗೆ ಕಳಿಸಬಹುದು. ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಟ್ಟರೆ.