ಖಾಲಿ ಜಾಗವನ್ನೂ ಉಳಿಸದ ಸೆನ್ಸಾರ್

ತುರ್ತು ಪರಿಸ್ಥಿತಿ ಘೋಷಣೆಯಾದ ಮೂರೇ ದಿನಕ್ಕೆ, 1975ರ ಜೂನ್ 28ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಹೇಳಬೇಕಾದದ್ದಿತ್ತು, ಹೇಳಗೊಡಲಿಲ್ಲ ಎಂಬುದನ್ನು ಆ ಬಿಳಿ ಚೌಕವೇ ಸಾರಿತು. ಸರ್ಕಾರಕ್ಕೂ ಅದು ಚುಚ್ಚಿತು. ಸಂಪಾದಕೀಯ ಖಾಲಿ ಬಿಡುವಂತಿಲ್ಲ, ಗಾಂಧಿ, ಟ್ಯಾಗೋರರ ಮಾತುಗಳಿಂದ ತುಂಬಿಸುವಂತೆಯೂ ಇಲ್ಲ ಎಂಬ ಸೂಚನೆ ಹೊರಬಿತ್ತು. ಬಾಯಿ ಮುಚ್ಚಿಸಿದ್ದು ಯಾರಿಗೂ ಗೊತ್ತಾಗಬಾರದು ಎಂಬುದೇ ಅದರ ತಾತ್ಪರ್ಯ.

ಗೊತ್ತಾಗದಿದ್ದರೆ ಏನಾಗುತ್ತದೆ ಎಂಬುದನ್ನು 1977ರ ಮಾರ್ಚ್ ಲೋಕಸಭಾ ಚುನಾವಣೆ ತೋರಿಸಿತು. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬೆಂದಿದ್ದ ಉತ್ತರ ಪ್ರದೇಶದ 85 ಕ್ಷೇತ್ರಗಳಲ್ಲಿ ಕಾಂಗ್ರೆಸ್ ಒಂದನ್ನೂ ಗೆಲ್ಲಲಿಲ್ಲ. ಕರ್ನಾಟಕದಲ್ಲಿ 28ರ ಪೈಕಿ 26 ಗೆದ್ದಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಉತ್ತರದವರ ಗೋಳು ನಮ್ಮ ಪತ್ರಿಕೆಗಳಲ್ಲಿ ಅಚ್ಚಾಗುವಂತಿರಲಿಲ್ಲ ಎಂಬುದೂ ನಿಜ. ಬೆಂಗಳೂರಿನ ಜೈಲಿನಲ್ಲೇ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿ ಅವರ ಪಾಡನ್ನು ಬರೆಯುವ ಸ್ವಾತಂತ್ರ್ಯವೂ ಇಲ್ಲಿನ ಪತ್ರಿಕೆಗಳಿಗೆ ಇರಲಿಲ್ಲ.

ಅಂದು ಸೆನ್ಸಾರ್ ಅಧಿಕಾರಿಗೆ ಒಂದು ಕುರ್ಚಿ, ಒಂದು ಮೊಹರು ಇತ್ತು. ಇಂದಿನ ಸೆನ್ಸಾರ್‌ಗೆ ಮುಖವೇ ಇಲ್ಲ. ಆನ್‌ಲೈನ್ ಮಾತಿಗೆ ಜೈಲು ಶಿಕ್ಷೆ ವಿಧಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಆನ್‌ಲೈನ್ ಬರಹ, ವಿಡಿಯೊಗಳನ್ನು ತಡೆಯುವ 69ಎ ಸೆಕ್ಷನ್ ಅನ್ನು ಮಾತ್ರ ಉಳಿಸಿತು. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬ ರಕ್ಷಣೆಗಳನ್ನು ನ್ಯಾಯಾಲಯ ಅದರಲ್ಲಿ ಕಂಡಿತ್ತು. ಆದರೆ 2009ರ ನಿಯಮಗಳು ಈ ಆದೇಶಗಳನ್ನು ಗೋಪ್ಯವಾಗಿಡುತ್ತವೆ. ಕಣ್ಣಿಗೇ ಬೀಳದ ಆದೇಶವನ್ನು ಬರೆದವರು ಪ್ರಶ್ನಿಸುವುದಾದರೂ ಹೇಗೆ?

ಈಗ ಕೇಂದ್ರ ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್ ಬಂದಿದೆ. ಅದರ ಮೂಲಕ ಬೇರೆ ಬೇರೆ ಇಲಾಖೆಗಳು, ರಾಜ್ಯಗಳ ಪೊಲೀಸರು ಅದೇ ಕಾಯ್ದೆಯ 79ನೇ ಸೆಕ್ಷನ್ ಆಧರಿಸಿ ‘ತೆಗೆದುಹಾಕಿ’ ಎಂದು ಜಾಲತಾಣ ಕಂಪನಿಗಳಿಗೆ ನೇರವಾಗಿ ನೋಟಿಸ್ ಕಳಿಸಬಹುದು. 69ಎ ಒಳಗಿನಷ್ಟು ರಕ್ಷಣೆಯೂ ಈ ಹಾದಿಯಲ್ಲಿಲ್ಲ. ಇದರ ವಿರುದ್ಧ ಸಾಮಾಜಿಕ ಜಾಲತಾಣ ‘ಎಕ್ಸ್’ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ತೀರ್ಪನ್ನು ಗೌರವಿಸುತ್ತಲೇ ಅದನ್ನು ಒಪ್ಪಲಾರೆ ಎನ್ನಬೇಕಾಗಿದೆ.

ಸುಳ್ಳು ಕೊಲ್ಲುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ಅಮಾಯಕನೊಬ್ಬನ ಜೀವ ತೆಗೆಯಿತು. ಹಿಂಸೆಗೆ ಪ್ರಚೋದಿಸುವ ಮಾತನ್ನು ತಡೆಯಲೇಬೇಕು. ಆದರೆ ಯಾವುದು ಸುಳ್ಳು ಎಂದು ತೀರ್ಮಾನಿಸುವ ಅಧಿಕಾರ ಆಳುವವರ ಕೈಯಲ್ಲಿ ಇರಬಾರದು. 2025ರಲ್ಲಿ ಹೊರಬಂದ ರಾಜ್ಯದ ಸುಳ್ಳುಸುದ್ದಿ ತಡೆ ಮಸೂದೆಯ ಕರಡು ಸಚಿವರ ನೇತೃತ್ವದ ಪ್ರಾಧಿಕಾರವನ್ನೂ 7 ವರ್ಷಗಳವರೆಗಿನ ಜೈಲು ಶಿಕ್ಷೆಯನ್ನೂ ಪ್ರಸ್ತಾಪಿಸಿತ್ತು. ಕೇಂದ್ರ, ರಾಜ್ಯಗಳನ್ನು ಆಳುವ ಪಕ್ಷ ಬೇರೆಯಾದರೂ ಚಪಲ ಒಂದೇ.

ಬೇಡಿಕೆ ದೊಡ್ಡದೇನಲ್ಲ. ತಡೆಯುವ ಮುನ್ನ ಬರೆದವರಿಗೆ ನೋಟಿಸ್ ಕೊಡಲಿ. ತುರ್ತು ಇದ್ದರೆ ತಡೆದ ಮೇಲಾದರೂ ಅವರ ಮಾತು ಕೇಳಲಿ. ಪ್ರತಿ ಆದೇಶವೂ ಕಾರಣಸಮೇತ ಬಹಿರಂಗವಾಗಲಿ. ಬರಹ ಅಳಿಸಿದ ಕಡೆ, ಯಾರು, ಯಾವ ಕಾನೂನಿನಡಿ ಅಳಿಸಿದರು ಎಂದು ನಮೂದಿಸಿದ ಒಂದು ಬಿಳಿ ಚೌಕವಾದರೂ ಉಳಿಯಲಿ. 1975ರಲ್ಲಿ ಸರ್ಕಾರ ಅಂಜಿದ್ದು ಅದಕ್ಕೇ.