ಮೆಚ್ಚಬೇಕಾದ ಎಂಜಿನ್ ಯಾವುದು?

ಕಾಡು, ನೀರು, ಮಣ್ಣಿನ ಮಾತಾಡುವ ನಮ್ಮ ಪತ್ರಿಕೆಯಲ್ಲಿ ಕಾರಿನ ಎಂಜಿನ್ನಿನ ಗುಣಗಾನವೇ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಆದರೆ ಯಾವ ಕಾರಿಗೆ ಎಷ್ಟು ಸಿಲಿಂಡರು, ಎಷ್ಟು ಅಶ್ವಶಕ್ತಿ ಎಂಬುದನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗಳು ನಮ್ಮ ಊರುಗಳಲ್ಲೂ ಇದ್ದಾರೆ. ಚಳವಳಿಯವರಾದ ನಾವು ಅವರ ಈ ಪ್ರೀತಿಯನ್ನು ಕೊಳ್ಳುಬಾಕತನವೆಂದು ಜರೆದು ಸುಮ್ಮನಾಗುತ್ತೇವೆ. ಅದು ಅನ್ಯಾಯ. ಮಳೆಗಾಲದ ಇರುಳಿನಲ್ಲಿ ರೋಗಿಯನ್ನು ಹೊತ್ತು ಕೆಸರಿನ ದಾರಿ ಏರುವ ಜೀಪಿಗೂ ಎಂಜಿನ್ನೇ ಉಸಿರು. ನಾಲ್ಕು ಸಿಲಿಂಡರಿನ ಸಾಧಾರಣ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 100 ಸಲ ಬೆಂಕಿ ಹೊತ್ತಿ ಆರುತ್ತದೆ. ಅದನ್ನು ಕಂಡು ಬೆರಗಾಗದವನ ಕುತೂಹಲವೇ ಸತ್ತಿದೆ ಎನ್ನಬೇಕು.

ಹಾಗೆ ಬೆರಗುಗೊಂಡವರು ಅತಿಯಾಗಿ ಮೆಚ್ಚುವ ವಿಚಿತ್ರ ಎಂಜಿನ್ನುಗಳಲ್ಲಿ ಒಂದು ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಎಂಬಾತನ ಕಲ್ಪನೆ. ದೃಷ್ಟಿದೋಷದಿಂದಾಗಿ ಈತ ವಾಹನ ಚಾಲನೆಯ ಪರವಾನಗಿಯನ್ನೇ ಪಡೆದವನಲ್ಲ! ಮೇಲೆ ಕೆಳಗೆ ಜಿಗಿಯುವ ಪಿಸ್ಟನ್ನಿನ ಬದಲಿಗೆ, ಬದಿಗಳು ಕೊಂಚ ಉಬ್ಬಿದ ತ್ರಿಕೋನಾಕಾರದ ತುಂಡೊಂದು ನಡುವೆ ಸೊಂಟವಿರುವ ಉದ್ದಗೋಲದ ಪೆಟ್ಟಿಗೆಯಲ್ಲಿ ಸುತ್ತುತ್ತದೆ. ಸುತ್ತುತ್ತಲೇ ಅದರ ಮೂರು ಬದಿಗಳೂ ಒಂದರ ಹಿಂದೊಂದರಂತೆ ಇಂಧನವನ್ನು ಸೆಳೆದು, ಒತ್ತಿ, ಉರಿಸಿ, ಹೊಗೆಯನ್ನು ಹೊರದೂಡುತ್ತವೆ. ಕವಾಟಗಳಿಲ್ಲ, ಅದುರಾಟ ಅತ್ಯಲ್ಪ, ಗಾತ್ರ ಪುಟ್ಟದು. ಜರ್ಮನಿಯ ಎನ್‌ಎಸ್‌ಯು ಸಂಸ್ಥೆಯಲ್ಲಿ 1957ರಲ್ಲಿ ಇದರ ಮೊದಲ ಮಾದರಿ ತಿರುಗಿತು. ಅದನ್ನು ಅಳವಡಿಸಿದ ರೋ 80 ಕಾರು 1967ರಲ್ಲಿ ಹೊರಬಂದು ಮರುವರ್ಷವೇ ಯುರೋಪಿನ ವರ್ಷದ ಕಾರೆನಿಸಿತು. ಆದರೆ ತ್ರಿಕೋನದ ತುದಿಗಳಲ್ಲಿ ಅನಿಲ ಸೋರದಂತೆ ತಡೆಯುವ ಸೀಲುಗಳು ಬೇಗನೆ ಸವೆದವು. ಖಾತರಿಯ ಮಾತಿಗೆ ಕಟ್ಟುಬಿದ್ದು ಎಂಜಿನ್ನುಗಳನ್ನು ಬದಲಿಸಿಕೊಡುತ್ತ ಬಳಲಿದ ಎನ್‌ಎಸ್‌ಯು 1969ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದೊಳಗೆ ಸೇರಿಹೋಯಿತು.

ಜಪಾನಿನ ಮಾಜ್ದಾ ಸಂಸ್ಥೆ ಮಾತ್ರ ಪಟ್ಟು ಬಿಡಲಿಲ್ಲ. ಪೆಟ್ಟಿಗೆಯ ಒಳಗೋಡೆಯಲ್ಲಿ ಸೀಲುಗಳು ಮೂಡಿಸುತ್ತಿದ್ದ ಗೆರೆಗಳನ್ನು ಅಲ್ಲಿನವರು ದೆವ್ವದ ಉಗುರಿನ ಗೀರು ಎಂದೇ ಕರೆದರು. ಕೆನಿಚಿ ಯಮಾಮೊಟೊ ಅವರ ತಂಡ ವರ್ಷಗಟ್ಟಲೆ ದುಡಿದು ಆ ದೆವ್ವವನ್ನು ಬಿಡಿಸಿತು. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಮಾಜ್ದಾ 787ಬಿ ಗೆದ್ದಿತು. ಅಲ್ಲಿ ಗೆದ್ದ ಮೊದಲ ಜಪಾನಿ ಕಾರು ಅದು. ಅದರ ಕಿವಿಗಡಚಿಕ್ಕುವ ಕೂಗನ್ನು ಅಭಿಮಾನಿಗಳು ಇಂದಿಗೂ ಸಂಗೀತವೆಂದು ಕೇಳುತ್ತಾರೆ. ಅದೇ ಎಂಜಿನ್ನಿನ ಇನ್ನೊಂದು ಮುಖದ ಕುರಿತು ಮಾತು ಕಡಿಮೆ. ಬೆಂಕಿ ಹೊತ್ತುವ ಜಾಗ ಉದ್ದವೂ ಚಪ್ಪಟೆಯೂ ಆಗಿರುವುದರಿಂದ ಇಂಧನ ಪೂರ್ತಿ ಉರಿಯುವುದಿಲ್ಲ. ಸೀಲುಗಳಿಗೆ ಜಿಡ್ಡು ಬೇಕಾದ್ದರಿಂದ ಕೊಂಚ ಎಣ್ಣೆಯೂ ಸದಾ ಉರಿಯುತ್ತಿರುತ್ತದೆ. ಬಾಯಾರಿಕೆ ಹೆಚ್ಚು, ಹೊಗೆಯೂ ಹೆಚ್ಚು. ಇದೇ ಬಗೆಯ ಎಂಜಿನ್ನಿನ ಆರ್‌ಎಕ್ಸ್-8 ಕಾರು ಹೊಗೆಯ ಕಟ್ಟಳೆಗಳಿಂದಾಗಿ 2010ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹಿಂದೆ ಸರಿಯಿತು. 2012ರಲ್ಲಿ ಅದರ ತಯಾರಿಕೆಯೇ ನಿಂತಿತು.

ವ್ಯಾಂಕೆಲ್ ಎಂಜಿನ್ನನ್ನು ಮೆಚ್ಚುವವರಲ್ಲಿ ಬುದ್ಧಿಗೆ ಸಲ್ಲುವ ಗೌರವವಾದರೂ ಇದೆ. ಬರೀ ಅಂಕಿಗೆ ಮಾರುಹೋಗುವವರದು ಬೇರೆ ಜಾತಿ. 2005ರಲ್ಲಿ ಬಂದ ಬುಗಾಟಿ ವೇಯ್ರಾನ್ ಕಾರಿಗೆ 8 ಲೀಟರ್ ಗಾತ್ರದ, 16 ಸಿಲಿಂಡರುಗಳ, ನಾಲ್ಕು ಟರ್ಬೊಗಳ, 1001 ಅಶ್ವಶಕ್ತಿಯ ಎಂಜಿನ್. ಕಾರಿನ ಮೈಯ ಕಾವನ್ನು ಹೊರಹಾಕಲು 10 ರೇಡಿಯೇಟರುಗಳು. ಗಂಟೆಗೆ 400 ಕಿಲೋಮೀಟರ್ ಮೀರಿದ ಅದರ ಗರಿಷ್ಠ ವೇಗದಲ್ಲಿ 100 ಲೀಟರಿನ ತುಂಬಿದ ಟ್ಯಾಂಕು ಸುಮಾರು 12 ನಿಮಿಷಗಳಲ್ಲಿ ಬರಿದಾಗುತ್ತದೆ. ಹತ್ತು ರೇಡಿಯೇಟರುಗಳನ್ನು ಹೆಮ್ಮೆಯಿಂದ ಎಣಿಸುವವರು, ಹೊತ್ತಿದ ಪೆಟ್ರೋಲಿನಲ್ಲಿ ಎಷ್ಟು ಭಾಗ ಬರೀ ಕಾವಾಗಿ ಹೋಯಿತೆಂಬುದಕ್ಕೆ ಅವೇ ಸಾಕ್ಷಿ ಎಂದು ಯೋಚಿಸಿದಂತಿಲ್ಲ.

ನಾವು ಯಾವುದನ್ನು ಮೆಚ್ಚುತ್ತೇವೋ ಅದೇ ತಯಾರಾಗುತ್ತದೆ. ಮೆಚ್ಚುಗೆಯ ಬೆಲೆ ತೆರುವವರು ಬೇರೆಯವರಾಗಿರುತ್ತಾರೆ. ಎಂಜಿನ್ನಿನೊಳಗೆ ಇಂಧನವನ್ನು ಬಿಗಿಯಾಗಿ ಒತ್ತಿದಷ್ಟೂ ಬಲ ಹೆಚ್ಚು. ಆದರೆ ಅಕಾಲದಲ್ಲಿ ಸ್ಫೋಟಿಸಿ ಕುಟ್ಟಿದಂಥ ಸದ್ದು ಹೊರಡುತ್ತದೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ ಇದಕ್ಕೊಂದು ಮದ್ದು ಕಂಡುಕೊಂಡ: ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವುದು. ಸೀಸ ವಿಷವೆಂಬುದು ಆಗಲೇ ಗೊತ್ತಿತ್ತು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಆದರೂ ಮಕ್ಕಳ ಮಿದುಳಿಗೆ ಕುತ್ತಾದ ಆ ಹೊಗೆ ದಶಕಗಟ್ಟಲೆ ಜಗತ್ತಿನ ಬೀದಿಗಳಲ್ಲಿ ಹರಡಿತು. ಭಾರತದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಕಟ್ಟಕಡೆಗೆ ಅಲ್ಜೀರಿಯಾ ಅದರ ಮಾರಾಟ ನಿಲ್ಲಿಸಿದ್ದು 2021ರಲ್ಲಿ.

ಹಾಗಾದರೆ ನಾನು ಮೆಚ್ಚುವ ಎಂಜಿನ್ ಯಾವುದು? ಅಮೆರಿಕ 1970ರಲ್ಲಿ ಶುದ್ಧ ಗಾಳಿಯ ಕಾಯಿದೆ ತಂದು, ಕಾರಿನ ಹೊಗೆಯಲ್ಲಿರುವ ವಿಷವನ್ನು ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ತಗ್ಗಿಸಬೇಕೆಂದು ವಿಧಿಸಿತು. ಅದು ಆಗದ ಮಾತೆಂದು ಅಲ್ಲಿನ ದೊಡ್ಡ ಕಂಪನಿಗಳು ಹುಯಿಲಿಟ್ಟವು. ಮೋಟಾರ್ ಸೈಕಲ್ಲಿಗೆ ಹೆಸರಾಗಿದ್ದು, ಕಾರಿನಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದ ಹೋಂಡಾ 1972ರಲ್ಲಿ ಸಿವಿಸಿಸಿ ಎಂಬ ಎಂಜಿನ್ನನ್ನು ಮುಂದಿಟ್ಟಿತು. ಅದರ ಉಪಾಯ ನಮ್ಮ ಬಚ್ಚಲೊಲೆಯದೇ. ಹಸಿ ಕುಂಟೆಗೆ ನೇರವಾಗಿ ಬೆಂಕಿ ಹತ್ತದು; ಮೊದಲು ಒಣ ಪುಳ್ಳೆ ಹೊತ್ತಿಸಬೇಕು. ಹಾಗೆಯೇ ಪ್ರತಿ ಸಿಲಿಂಡರಿನ ಪಕ್ಕದ ಪುಟ್ಟ ಕೋಣೆಯಲ್ಲಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ ಕಿಡಿ ತಾಗಿಸುತ್ತಾರೆ. ಅಲ್ಲಿಂದ ನುಗ್ಗುವ ಜ್ವಾಲೆ ದೊಡ್ಡ ಕೋಣೆಯಲ್ಲಿರುವ ತೆಳು ಮಿಶ್ರಣವನ್ನು ನಿಧಾನವಾಗಿ, ಪೂರ್ತಿಯಾಗಿ ಉರಿಸುತ್ತದೆ. ಹೊಗೆ ಶುದ್ಧೀಕರಿಸುವ ಬೇರೆ ಉಪಕರಣವಿಲ್ಲದೆಯೇ ಹೋಂಡಾ ಸಿವಿಕ್ ಹೊಸ ಮಿತಿಯನ್ನು ಮುಟ್ಟಿತು. ಪುಟ್ಟ ಎಂಜಿನ್ನಿಗಷ್ಟೇ ಇದು ಸರಿ ಎಂಬ ಮಾತು ಬಂದಾಗ, ಹೋಂಡಾದವರು ಅಮೆರಿಕದ್ದೇ ಒಂದು ದೈತ್ಯ ಷೆವರ್ಲೆ ಇಂಪಾಲಾ ಕೊಂಡು, ಅದರ ಎಂಟು ಸಿಲಿಂಡರುಗಳ ಎಂಜಿನ್ನಿಗೂ ಇದೇ ಏರ್ಪಾಟು ಜೋಡಿಸಿ ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸಿದರು.

ಇನ್ನೊಂದು ಸಂಗತಿಯನ್ನು ಹೋಂಡಾ ತನ್ನ ಇತಿಹಾಸದಲ್ಲೇ ದಾಖಲಿಸಿದೆ. ದೊಡ್ಡ ಕಂಪನಿಗಳನ್ನು ಹಿಂದಿಕ್ಕಲು ಇದು ಸುಸಂಧಿ ಎಂದು ಸೊಯಿಚಿರೊ ಹೋಂಡಾ ಹೇಳಿದಾಗ, ಕಿರಿಯ ಎಂಜಿನಿಯರುಗಳು ಒಪ್ಪಲಿಲ್ಲ. ತಾವು ದುಡಿಯುತ್ತಿರುವುದು ಸಮಾಜಕ್ಕಾಗಿ, ಪೈಪೋಟಿಗಾಗಿ ಅಲ್ಲ ಎಂದರು. ತಾನು ನಿವೃತ್ತನಾಗುವ ಕಾಲ ಬಂತೆಂದು ಆತನಿಗೆ ಅನ್ನಿಸಿತಂತೆ. 1973ರಲ್ಲಿ ಅಧ್ಯಕ್ಷ ಪದವಿ ಬಿಟ್ಟುಕೊಟ್ಟ.

ಸಿವಿಸಿಸಿ ಪೆಟ್ರೋಲನ್ನೇ ಕುಡಿಯುತ್ತಿತ್ತು, ಇಂಗಾಲದ ಡೈಆಕ್ಸೈಡನ್ನೂ ಉಗುಳುತ್ತಿತ್ತು. ಮುಂದೆ ಬಂದ ಉತ್ತಮ ತಂತ್ರಗಳಿಗೆ ಅದು ಜಾಗ ಬಿಟ್ಟುಕೊಟ್ಟಿತು. ನಿಜ. ಆದರೂ ವಿದ್ಯಾರ್ಥಿ ಮಿತ್ರರ ಪಟ್ಟಿಯಲ್ಲಿ 787ಬಿ ಪಕ್ಕದಲ್ಲಿ ಅದಕ್ಕೊಂದು ಸ್ಥಾನ ಬೇಕೆಂಬುದು ನನ್ನ ಕೋರಿಕೆ. 16 ಸಿಲಿಂಡರು ಜೋಡಿಸುವುದಕ್ಕಿಂತ ಕಷ್ಟದ ಲೆಕ್ಕವನ್ನು ಅದು ಬಿಡಿಸಿತ್ತು.

ಅಂದ ಹಾಗೆ ಮಾಜ್ದಾ 2023ರಲ್ಲಿ ತನ್ನ ಸುತ್ತುವ ಎಂಜಿನ್ನನ್ನು ಮತ್ತೆ ತಂದಿತು. ಎಂಎಕ್ಸ್-30 ಕಾರಿನ ಒಂದು ಬಗೆಯಲ್ಲಿ 830 ಸಿಸಿಯ ಒಂಟಿ ತ್ರಿಕೋನ. ಅದು ಚಕ್ರಗಳನ್ನು ತಿರುಗಿಸುವುದಿಲ್ಲ. ಸುಮಾರು 85 ಕಿಲೋಮೀಟರ್ ಬ್ಯಾಟರಿಯಲ್ಲೇ ಓಡಬಲ್ಲ ಕಾರಿಗೆ ವಿದ್ಯುತ್ತು ಸಾಲದಾದಾಗ ಉತ್ಪಾದಿಸಿಕೊಡುವುದಷ್ಟೇ ಅದರ ಕೆಲಸ. ಲೆ ಮಾನ್ಸ್‌ನಲ್ಲಿ ಅರಚಿದ ಎಂಜಿನ್ನಿಗೆ ಈ ಗತಿಯೇ ಎಂದು ಮರುಗುವ ಅಭಿಮಾನಿಗಳಿರಬಹುದು. ನನಗಂತೂ ಅದು ಸರಿಯಾದ ಉದ್ಯೋಗಕ್ಕೆ ಸೇರಿದಂತೆ ಕಾಣುತ್ತದೆ.