ಮುಲುಂಡ್‌ನ ಮಕ್ಕಳಿಗೆ ಮಣ್ಣಿನ ಅಂಗಳ ಬೇಕು

ಮುಂಬಯಿಯ ಉಪನಗರ ಮುಲುಂಡ್‌ನ ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು, ಪೂರ್ವಕ್ಕೆ ಠಾಣೆ ಖಾರಿಯ ಕಾಂಡ್ಲಾ ಕಾಡು. ನೂರು ಚದರ ಕಿಲೋಮೀಟರ್‌ಗೂ ಮಿಕ್ಕಿದ ಅರಣ್ಯದ ಮಗ್ಗುಲಲ್ಲೇ ಬೆಳೆಯುವ ಇಲ್ಲಿನ ಪುಟಾಣಿಗಳಿಗೆ ಆಡಲು ಸಿಗುವುದು ಮಾತ್ರ ಬಹುಪಾಲು ರಬ್ಬರ್ ಹಾಸು, ಪ್ಲಾಸ್ಟಿಕ್ ಜಾರುಬಂಡೆ. ಆರು ವರ್ಷದೊಳಗಿನ ಮಕ್ಕಳಿಗಾಗಿ ಮಣ್ಣು, ನೀರು, ಮರದ ದಿಮ್ಮಿಗಳಿರುವ ಒಂದು ಆಟದಂಗಳ ಇಲ್ಲಿ ಆಗಲೇಬೇಕು.

ಜಾರುಬಂಡೆಯಲ್ಲಿ ಜಾರಬಹುದು, ಅಷ್ಟೇ. ಬಿದ್ದ ಮರದ ದಿಮ್ಮಿಯಾದರೆ ಮಗುವಿಗೆ ಇವತ್ತು ದೋಣಿ, ನಾಳೆ ಆನೆ, ನಾಡಿದ್ದು ಅಂಗಡಿ. ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕ ಸೊರೆನ್‌ಸೆನ್ ಇದನ್ನು ಮನಗಂಡಿದ್ದರು. ಅವರ ಕಲ್ಪನೆಯಂತೆ 1943ರಲ್ಲಿ ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಹಳೆಯ ಹಲಗೆ, ಮಣ್ಣುಗಳನ್ನೇ ಮಕ್ಕಳ ಕೈಗೆ ಕೊಟ್ಟ ಆಟದ ಬಯಲು ತೆರೆಯಿತು.

ಮಣ್ಣಾಟದ ಫಲ ಮೈಗೂ ಉಂಟು. ಫಿನ್ಲೆಂಡಿನ ಸಂಶೋಧಕರು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲುಹಾಸು ತಂದು ಹಾಕಿಸಿದರು. ಕೇವಲ 28 ದಿನಗಳಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಹತೋಟಿ ಸುಧಾರಿಸಿದ ಸೂಚನೆಗಳು ಕಂಡವು. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದೇ, ಆದರೆ ಮಣ್ಣೆಂದರೆ ಕೊಳಕು ಎಂಬ ನಮ್ಮ ಅಂಜಿಕೆಯನ್ನು ಮರುಚಿಂತನೆಗೆ ಒಡ್ಡುತ್ತದೆ.

ಕನ್ನಡಿಗರಿಗೆ ಈ ವಿಚಾರ ಹೊಸದಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಕರಾವಳಿ ಜಿಲ್ಲೆಯ ಪುತ್ತೂರಿನ ಗುಡ್ಡದ ಮೇಲೆ ಬಾಲವನ ಕಟ್ಟಿ, ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳ ಕಲಿಕೆಯ ಪ್ರಯೋಗಕ್ಕಿಳಿದಿದ್ದರು. ಅದೇ ಕರಾವಳಿಯಿಂದ ಬಂದ ಎಷ್ಟೋ ಕುಟುಂಬಗಳು ಮುಂಬಯಿಯ ಈ ಉಪನಗರಗಳಲ್ಲಿ ನೆಲೆ ನಿಂತಿವೆ.

ಇಂಥ ಅಂಗಳಕ್ಕೆ ಹೊಸ ಜಾಗ ಹುಡುಕಬೇಕಾಗಿಲ್ಲ. ಸರ್ದಾರ್ ಪ್ರತಾಪಸಿಂಗ್ ಉದ್ಯಾನದಂಥ ಪಾಲಿಕೆಯ ತೋಟದಲ್ಲೇ ಒಂದು ಮೂಲೆ ಸಾಕು. ಪ್ರತಿ ಮಳೆಗಾಲಕ್ಕೆ ಮುನ್ನ ಪಾಲಿಕೆ ಬೀದಿಮರಗಳ ಕೊಂಬೆ ಕಡಿಸುತ್ತದೆ. ಗಟ್ಟಿಯಾದವನ್ನು ಆರಿಸಿ, ಚೂಪು ತುದಿಗಳನ್ನು ನುಣುಪುಗೊಳಿಸಿ ನೆಡಬಹುದು. ಮರಳುಗುಂಡಿ, ಕೈಪಂಪಿನಿಂದ ಹರಿಯುವ ಸಣ್ಣ ಕಾಲುವೆ, ಬಿದಿರಿನ ಗುಡಿಸಲು, ಬೇವು, ಹೊಂಗೆಯ ನೆರಳು ಇದ್ದರೆ ಆಯಿತು.

ಪೋಷಕರ ಆತಂಕಗಳಿಗೂ ಉತ್ತರ ಬೇಕು. ಮುಂಬಯಿಯ ಮಳೆಯಲ್ಲಿ ನೀರು ನಿಂತರೆ ಸೊಳ್ಳೆ, ಡೆಂಗಿ. ಆದ್ದರಿಂದ ನೆಲಕ್ಕೆ ಇಳಿಜಾರು ಕೊಡಬೇಕು, ನೀರನ್ನು ದಿನವೂ ಖಾಲಿ ಮಾಡಬೇಕು. ಇಲಿ, ಬೆಕ್ಕುಗಳ ಕಾಟ ತಪ್ಪಿಸಲು ರಾತ್ರಿ ಮರಳನ್ನು ಮುಚ್ಚಬೇಕು, ಭಾರೀ ಮಳೆಯ ದಿನಗಳಲ್ಲಿ ಅಂಗಳವನ್ನೇ ಮುಚ್ಚಬೇಕು. ಇದಕ್ಕೆಲ್ಲ ಕಾಯಂ ಸಂಬಳದ ಒಬ್ಬ ನಿಗಾದಾರ ಬೇಕು. ಉದ್ಘಾಟನೆಯ ಫಲಕಕ್ಕಿಂತ ಆ ಹುದ್ದೆ ಮುಖ್ಯ.

ಮಗುವಿನ ಆಟದ ಹಕ್ಕನ್ನು ಗುರುತಿಸುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಪಾಲಿಕೆಯ ಟಿ ವಾರ್ಡ್ ಕಚೇರಿ ಮುಂದಿನ ಬಜೆಟ್‌ನಲ್ಲಿ ಒಂದು ಅಂಗಳಕ್ಕೂ ಅದರ ನಿಗಾದಾರನಿಗೂ ಹಣ ಇಡಲಿ. ಇಲ್ಲಿನ ಕನ್ನಡ ಸಂಘಗಳು, ಹೌಸಿಂಗ್ ಸೊಸೈಟಿಗಳು ಒಟ್ಟಾಗಿ ಆ ಮನವಿಯನ್ನು ಈ ವರ್ಷವೇ ಸಲ್ಲಿಸಲಿ.